ಪೂರ್ವಪಕ್ಷವಿಲ್ಲದ ದರ್ಶನಗಳು

ದುಬಾರಿ ಸ್ಪೀಕರುಗಳ ಲೋಕದಲ್ಲಿ ಪ್ರತಿಯೊಬ್ಬ ತಯಾರಕನಿಗೂ ಒಂದು 'ಫಿಲಾಸಫಿ' ಇದೆ. ಒಬ್ಬರದು ವಜ್ರದ ಫಿಲಾಸಫಿ, ಇನ್ನೊಬ್ಬರದು ಅಲ್ಯೂಮಿನಿಯಂ ಫಿಲಾಸಫಿ, ಮತ್ತೊಬ್ಬರದು ಇಟಲಿಯ ಹಳೆಯ ಪಿಟೀಲುಗಳ ಫಿಲಾಸಫಿ. ಕಂಪನಿಯ ಕೈಪಿಡಿಯಲ್ಲಿ ಸ್ಥಾಪಕರ ಕಪ್ಪುಬಿಳುಪು ಚಿತ್ರದ ಪಕ್ಕ ಅದನ್ನು ಅಚ್ಚು ಹಾಕಿರುತ್ತಾರೆ. ವಿಮರ್ಶಕರು ಅದಕ್ಕೇ ತಮ್ಮ ಒಂದಿಷ್ಟು ವಿಶೇಷಣ ಸೇರಿಸಿ ಮತ್ತೊಮ್ಮೆ ಬರೆಯುತ್ತಾರೆ. ಕೊನೆಗೆ ಓದುಗನಿಗೆ ಸಿಗುವ ಉಪದೇಶ ಒಂದೇ: ಎಲ್ಲ ದಾರಿಗಳೂ ಸಂಗೀತದ ಕಡೆಗೇ ಹೋಗುತ್ತವೆ, ನಿಮ್ಮ ಕಿವಿಗೆ ಒಗ್ಗಿದ್ದನ್ನು ಆರಿಸಿಕೊಳ್ಳಿ. ಕೇಳುವುದಕ್ಕೆ ಬಹಳ ಉದಾರವಾದ ಮಾತು. ಆದರೆ ಈ ಔದಾರ್ಯದ ಕೆಳಗೆ ಸೋಮಾರಿತನವಿದೆ, ಅದರ ಕೆಳಗೆ ವ್ಯಾಪಾರವಿದೆ, ಎಲ್ಲಕ್ಕಿಂತ ಕೆಳಗೆ ನಮ್ಮ ಕಿವಿಯ ಬಗ್ಗೆ ಒಂದು ತಾತ್ಸಾರವಿದೆ ಎಂಬುದು ನನ್ನ ವಾದ.

ದರ್ಶನ ಎಂಬ ಮಾತಿಗೆ ನಮ್ಮಲ್ಲಿ ಒಂದು ಶಿಸ್ತು ಇತ್ತು. ವಾದಕ್ಕೆ ಇಳಿದವನು ಎದುರಾಳಿಯ ಮಾತನ್ನು ಮೊದಲು ಪೂರ್ವಪಕ್ಷವಾಗಿ ಇಡಬೇಕು, ಅದೂ ಎದುರಾಳಿಯೇ ತಲೆದೂಗುವಷ್ಟು ಬಲವಾಗಿ. ಸಿದ್ಧಾಂತ ಆಮೇಲಿನ ಮಾತು. ವಿಜಯನಗರದ ಕಾಲದಲ್ಲಿ ವ್ಯಾಸರಾಯರು 'ನ್ಯಾಯಾಮೃತ' ಬರೆದು ಅದ್ವೈತವನ್ನು ಎದುರಿಸಿದ್ದು ಹೀಗೆ. ಮಧುಸೂದನ ಸರಸ್ವತಿಗಳು 'ಅದ್ವೈತಸಿದ್ಧಿ'ಯಲ್ಲಿ ಆ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರಿಸಿದ್ದೂ ಹೀಗೆಯೇ. ಯಾರು ಗೆದ್ದರು ಎಂಬ ಜಗಳ ಇಲ್ಲಿ ಬೇಡ. ಇಬ್ಬರೂ ಸೋಲಬಹುದಾದ ಜಾಗದಲ್ಲಿ ನಿಂತು ಮಾತಾಡಿದರು ಎಂಬುದಷ್ಟೇ ಮುಖ್ಯ. ತಾನು ಯಾವಾಗ ತಪ್ಪಾಗುತ್ತೇನೆ ಎಂದು ಹೇಳಲಾರದ ಮಾತನ್ನು ದರ್ಶನ ಎಂದು ಕರೆಯಲಾಗದು. ಅದಕ್ಕೆ ಜಾಹೀರಾತು ಎಂಬ ಬೇರೆ ಹೆಸರಿದೆ. ಈ ಅಳತೆಗೋಲನ್ನು ಹಿಡಿದುಕೊಂಡು ಸ್ಪೀಕರ್ ತಯಾರಕರ ಸಾಲನ್ನು ಒಮ್ಮೆ ಹಾದುಹೋದರೆ ಯಾರ ಬಳಿ ದರ್ಶನವಿದೆ, ಯಾರ ಬಳಿ ಬರೀ ಪೀಠವಿದೆ ಎಂಬುದು ತಿಳಿಯುತ್ತದೆ.

ಸ್ಪೀಕರಿನ ಕೆಲಸ ಹೇಳುವುದಕ್ಕೆ ಸುಲಭ. ವಿದ್ಯುತ್ತಿನ ಏರಿಳಿತವನ್ನು ಗಾಳಿಯ ಒತ್ತಡದ ಏರಿಳಿತವಾಗಿ ಬದಲಿಸಬೇಕು, ನಡುವೆ ತನ್ನದೇನನ್ನೂ ಸೇರಿಸಬಾರದು. 1925ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು ಪ್ರಕಟಿಸಿದ ವಿನ್ಯಾಸವೇ ಇವತ್ತಿಗೂ ಬಹುಪಾಲು ಸ್ಪೀಕರುಗಳ ಒಳಗಿದೆ: ಆಯಸ್ಕಾಂತದ ಕಂಡಿಯಲ್ಲಿ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕೋನ್. ಕಷ್ಟ ಶುರುವಾಗುವುದು ಮಂದ್ರಸ್ಥಾಯಿಯಲ್ಲಿ. ಸಣ್ಣ ಪೆಟ್ಟಿಗೆ, ಆಳವಾದ ಮಂದ್ರ, ಕಡಿಮೆ ವಿದ್ಯುತ್ತಿನಲ್ಲಿ ಜೋರಾದ ದನಿ, ಈ ಮೂರರಲ್ಲಿ ಎರಡನ್ನು ಪಡೆಯಬಹುದು, ಮೂರನ್ನೂ ಪಡೆಯುವಂತಿಲ್ಲ. ಅಮೆರಿಕದ ಕೆಎಲ್‌ಎಚ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಆಂಟನ್ ಹಾಫ್‌ಮನ್ ಹೆಸರಿನಲ್ಲಿ ಇದನ್ನು 'ಹಾಫ್‌ಮನ್ನನ ಕಬ್ಬಿಣದ ನಿಯಮ' ಎನ್ನುತ್ತಾರೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದ ಕೆಲಸ ಮತ್ತು ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಅದನ್ನು ಬೆಳೆಸಿದ ಬಗೆ ಇದನ್ನು ಗಣಿತವಾಗಿಸಿದವು. ಅದೇ ದಕ್ಷತೆಯಲ್ಲಿ ಒಂದು ಸ್ಥಾಯಿ ಕೆಳಗಿಳಿಯಬೇಕಾದರೆ ಪೆಟ್ಟಿಗೆಯ ಗಾತ್ರ ಎಂಟು ಪಟ್ಟು ಆಗಬೇಕು. ಪೆಟ್ಟಿಗೆ ಬೆಳೆಸಲು ಮನಸ್ಸಿಲ್ಲದಿದ್ದರೆ ದಕ್ಷತೆ ಎಂಟರಲ್ಲಿ ಒಂದಕ್ಕೆ ಇಳಿಯುತ್ತದೆ. ಈ ಲೆಕ್ಕದಲ್ಲಿ ವಜ್ರಕ್ಕೂ ರಿಯಾಯಿತಿ ಇಲ್ಲ, ವಂಶಪಾರಂಪರ್ಯಕ್ಕೂ ಇಲ್ಲ.

ಹಾಗಾಗಿ ನಿಜವಾದ ವಿನ್ಯಾಸ ಎಂದರೆ ಏನನ್ನು ಬಿಟ್ಟುಕೊಡುತ್ತೇನೆ ಎಂಬ ತೀರ್ಮಾನ. ಹಳೆಯ ತಲೆಮಾರಿನ ಮೂವರನ್ನು ನೋಡಿ.

ಪಾಲ್ ಕ್ಲಿಪ್ಷ್ ಅಮೆರಿಕದ ಅರ್ಕನ್ಸಾಸ್ ರಾಜ್ಯದ ಹೋಪ್ ಎಂಬ ಸಣ್ಣ ಊರಿನಲ್ಲಿ 1946ರಲ್ಲಿ ಕಂಪನಿ ಕಟ್ಟಿದವರು. ಅವರ ಕ್ಲಿಪ್ಷ್‌ಹಾರ್ನ್ ಎಂಬ ಸ್ಪೀಕರನ್ನು ಕೋಣೆಯ ಮೂಲೆಗೇ ತಳ್ಳಿ ಇಡಬೇಕು, ಯಾಕೆಂದರೆ ಕೋಣೆಯ ಎರಡು ಗೋಡೆಗಳೇ ಅದರ ಕಹಳೆಯ ಬಾಯಿ. ಕಹಳೆ ಇದ್ದಲ್ಲಿ ಕೋನ್ ಹೆಚ್ಚು ಅಲುಗಬೇಕಿಲ್ಲ; ಕಡಿಮೆ ಅಲುಗಿದರೆ ವಿಕೃತಿ ಕಡಿಮೆ. ಒಂದೇ ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ನೂರು ಡೆಸಿಬಲ್ಲಿಗೂ ಮೀರಿದ ದನಿ ಬರುತ್ತದೆ. ಮನೆಯ ಸಾಧಾರಣ ಸ್ಪೀಕರಿಗೆ ಆ ಮಟ್ಟ ಮುಟ್ಟಲು ಹತ್ತಾರು ವ್ಯಾಟ್ ಬೇಕು. ಇದಕ್ಕೆ ಕ್ಲಿಪ್ಷ್ ಕೊಟ್ಟ ಬೆಲೆ ಕಣ್ಣಿಗೇ ಕಾಣುತ್ತದೆ: ಬೀರುವಿನಂಥ ಗಾತ್ರ, ಮೂಲೆಯಿಲ್ಲದ ಕೋಣೆಗೆ ಪ್ರವೇಶವಿಲ್ಲ. ಈ ಮನುಷ್ಯ ತಮ್ಮ ಕೋಟಿನ ಕಾಲರಿನ ಒಳಮಗ್ಗುಲಲ್ಲಿ, ನಮ್ಮ 'ಬೊಗಳೆ'ಗೆ ಸಮನಾದ ಒಂದು ಒರಟು ಇಂಗ್ಲಿಷ್ ಪದ ಬರೆದ ಹಳದಿ ಬಿಲ್ಲೆ ಚುಚ್ಚಿಕೊಂಡು ಓಡಾಡುತ್ತಿದ್ದರು. ಆಡಿಯೋ ಲೋಕದ ದೊಡ್ಡ ಮಾತುಗಳು ಶುರುವಾದಾಗ ಕಾಲರ್ ಮಡಚಿ ತೋರಿಸುತ್ತಿದ್ದರಂತೆ.

ಎಡ್ಗರ್ ವಿಲ್ಚರ್ ನೇರ ಎದುರು ದಿಕ್ಕಿಗೆ ಹೋದರು. ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಾಗಿ ಬಳಸಿದರೆ, ಕೋನನ್ನು ಹಿಡಿದಿಡುವ ಬಟ್ಟೆ ಮತ್ತು ರಟ್ಟಿನ ಸ್ಪ್ರಿಂಗಿಗಿಂತ ಅದು ಹೆಚ್ಚು ಸಮನಾಗಿ ವರ್ತಿಸುತ್ತದೆ ಎಂಬುದು ಅವರ ಹೊಳಹು. ಹೆನ್ರಿ ಕ್ಲಾಸ್ ಜೊತೆ ಸೇರಿ 1954ರಲ್ಲಿ ಅವರು ಕಟ್ಟಿದ ಅಕೌಸ್ಟಿಕ್ ರಿಸರ್ಚ್ ಕಂಪನಿಯ ಪೆಟ್ಟಿಗೆ, ತನಗಿಂತ ಎಷ್ಟೋ ದೊಡ್ಡ ಪೆಟ್ಟಿಗೆಗಳು ಕೊಡದ ಮಂದ್ರವನ್ನು ಕೊಟ್ಟಿತು. ಬಿಟ್ಟುಕೊಟ್ಟಿದ್ದು ದಕ್ಷತೆಯನ್ನು, ಅದಕ್ಕೆ ಬಲವಾದ ಆಂಪ್ಲಿಫೈಯರ್ ಬೇಕಾಯಿತು, ಹಾಗೆಂದು ಅವರು ಹೇಳಿಯೇ ಮಾರಿದರು. ಪೇಟೆಂಟ್ ನ್ಯಾಯಾಲಯದಲ್ಲಿ ಬಿದ್ದುಹೋದಾಗ ಮೇಲ್ಮನವಿಗೆ ಹೋಗಲಿಲ್ಲ. ಮುಂದೆ ಕಿವಿ ಮಂದವಾದವರಿಗಾಗಿ ಶ್ರವಣಸಾಧನದ ಹೊಸ ತಂತ್ರ ಕಂಡುಹಿಡಿದಾಗ ಅದಕ್ಕೆ ಪೇಟೆಂಟನ್ನೇ ಪಡೆಯದೆ ಎಲ್ಲರಿಗೂ ಸಿಗುವಂತೆ ಪ್ರಕಟಿಸಿಬಿಟ್ಟರು.

ಮೂರನೆಯವರು ಇಂಗ್ಲೆಂಡಿನ ಹಂಟಿಂಗ್ಡನ್ನಿನ ಪೀಟರ್ ವಾಕರ್. 1957ರಲ್ಲಿ ಮಾರುಕಟ್ಟೆಗೆ ಬಂದ ಅವರ ಕ್ವಾಡ್ ಸ್ಪೀಕರಿನಲ್ಲಿ ಕೋನೂ ಇಲ್ಲ, ಪೆಟ್ಟಿಗೆಯೂ ಇಲ್ಲ. ತೂತು ಕೊರೆದ ಎರಡು ಫಲಕಗಳ ನಡುವೆ ಸಾವಿರಾರು ವೋಲ್ಟುಗಳಲ್ಲಿ ನಡುಗುವ ತೆಳು ಪ್ಲಾಸ್ಟಿಕ್ ಹಾಳೆ ಅಷ್ಟೇ. ಮನುಷ್ಯರ ಕಂಠ ಅದರಲ್ಲಿ ಬಂದ ಹಾಗೆ ಅಂದಿನ ಯಾವ ಪೆಟ್ಟಿಗೆಯಲ್ಲೂ ಬರುತ್ತಿರಲಿಲ್ಲ. ಆದರೆ ಜೋರು ಮಾಡುವಂತಿರಲಿಲ್ಲ, ಆಳವಾದ ಮಂದ್ರ ಇರಲಿಲ್ಲ, ತಾರಸ್ಥಾಯಿಯ ಸ್ವರಗಳು ಒಂದೇ ಕುರ್ಚಿಗೆ ನೇರವಾಗಿ ಹೋಗುತ್ತಿದ್ದವು. ವಾಕರ್ ಈ ಕೊನೆಯ ದೋಷವನ್ನು ತಾವೇ ತಮ್ಮ ಪೂರ್ವಪಕ್ಷ ಮಾಡಿಕೊಂಡರು. 1981ರಲ್ಲಿ ಬಂದ ಅವರ ಮುಂದಿನ ಸ್ಪೀಕರಿನಲ್ಲಿ ಫಲಕಗಳನ್ನು ಒಂದರೊಳಗೊಂದು ಉಂಗುರಗಳಾಗಿ ವಿಂಗಡಿಸಿ, ಒಳಗಿನಿಂದ ಹೊರಗಿನ ಉಂಗುರಕ್ಕೆ ಸಂಕೇತ ಸ್ವಲ್ಪ ಸ್ವಲ್ಪ ತಡವಾಗಿ ತಲುಪುವಂತೆ ಮಾಡಿದರು. ಸುಮಾರು 30 ಸೆಂಟಿಮೀಟರ್ ಹಿಂದಿರುವ ಒಂದು ಬಿಂದುವಿನಿಂದ ಹೊರಟ ಅಲೆಯಂತೆ ದನಿ ಹರಡತೊಡಗಿತು.

ಮೂವರ ದಾರಿಗಳೂ ಬೇರೆ, ಒಂದು ಇನ್ನೊಂದಕ್ಕೆ ವಿರುದ್ಧವೂ ಹೌದು. ಆದರೆ ಮೂವರೂ ಏನನ್ನು ಕೊಟ್ಟು ಏನನ್ನು ಕೊಂಡೆವು ಎಂಬ ಲೆಕ್ಕವನ್ನು ಮೇಜಿನ ಮೇಲೆ ಇಟ್ಟವರು. ಇವರನ್ನು ಹೋಲಿಸುವುದಕ್ಕೆ ಅರ್ಥವಿದೆ.

ನಿಜವಾದ ವಾದ ಹೇಗಿರುತ್ತದೆ ಎಂಬುದಕ್ಕೆ ಪೆಟ್ಟಿಗೆಯ ಗೋಡೆಯ ಪ್ರಶ್ನೆಯನ್ನೂ ನೋಡಬಹುದು. ಕೋನ್ ನಡುಗಿದಾಗ ಪೆಟ್ಟಿಗೆಯೂ ನಡುಗುತ್ತದೆ, ನಡುಗಿದ ಗೋಡೆ ತಾನೂ ಒಂದು ಸ್ಪೀಕರಾಗಿ ಕೂಗುತ್ತದೆ. ಬಿಬಿಸಿಯ ಸಂಶೋಧನಾ ವಿಭಾಗದ ಹಾರ್ವುಡ್ ಮತ್ತು ಸಂಗಡಿಗರ ಉತ್ತರ: ಗೋಡೆಯನ್ನು ತೆಳುವಾಗಿಸಿ, ಒಳಗೆ ನಡುಕ ಹೀರುವ ಪದರ ಬಳಿಯಿರಿ. ನಡುಕ ಇದ್ದೇ ಇರುತ್ತದೆ, ಆದರೆ ಕಿವಿ ಅಷ್ಟಾಗಿ ಗಮನಿಸದ ಕೆಳಸ್ಥಾಯಿಗೆ ಸರಿದು ತಗ್ಗಿರುತ್ತದೆ. ಹೊರಾಂಗಣ ಪ್ರಸಾರದ ವ್ಯಾನುಗಳಿಗಾಗಿ 1970ರ ದಶಕದಲ್ಲಿ ಬಿಬಿಸಿ ರೂಪಿಸಿದ ಎಲ್‌ಎಸ್ 3/5ಎ ಎಂಬ ಪುಟ್ಟ ಸ್ಪೀಕರು ಈ ಚಿಂತನೆಯ ಕೂಸು. ಹಾರ್ವುಡ್ 1977ರಲ್ಲಿ ಕಟ್ಟಿದ ಹಾರ್ಬೆತ್ ಕಂಪನಿ ಇವತ್ತಿಗೂ ಇದೇ ದಾರಿಯಲ್ಲಿದೆ. ಕ್ಯಾಲಿಫೋರ್ನಿಯಾದ ಮ್ಯಾಜಿಕೊ ಪೂರಾ ತದ್ವಿರುದ್ಧ: ಅಲ್ಯೂಮಿನಿಯಮ್ಮಿನ ಭಾರಿ ಪೆಟ್ಟಿಗೆ, ಅಲುಗಲೇಬಾರದು. ಇಲ್ಲಿ ಎರಡು ಪಕ್ಷಗಳಿವೆ, ಎರಡಕ್ಕೂ ಕಾರಣಗಳಿವೆ, ಮತ್ತು ಗೋಡೆಯ ಕೂಗು ಕಿವಿಗೆ ಬೀಳುವಷ್ಟಿದೆಯೇ ಎಂದು ಅಳೆದು ನೋಡಲು ಉಪಕರಣಗಳಿವೆ. ಉತ್ತರ ಹೊರಡಬಹುದಾದ ಪ್ರಶ್ನೆ ಇದು. 'ಅವರವರ ಭಾವಕ್ಕೆ' ಎಂದು ಕೈತೊಳೆದುಕೊಳ್ಳುವ ವಿಮರ್ಶಕ ಹಾರ್ವುಡ್‌ಗೂ ಅನ್ಯಾಯ ಮಾಡುತ್ತಾನೆ, ಮ್ಯಾಜಿಕೊಗೂ ಅನ್ಯಾಯ ಮಾಡುತ್ತಾನೆ.

ಇನ್ನು ಫಿಲಾಸಫಿ ಎಂಬ ಹೆಸರಿನಲ್ಲಿ ಕಥೆ ಮಾರುವವರ ವಿಷಯ. ಬವರ್ಸ್ ಅಂಡ್ ವಿಲ್ಕಿನ್ಸ್ ತನ್ನ ಮೇಲ್ದರ್ಜೆಯ ಸ್ಪೀಕರುಗಳ ಟ್ವೀಟರಿಗೆ ಕೃತಕ ವಜ್ರದ ಗುಮ್ಮಟ ಹಾಕುತ್ತದೆ. ಅಲ್ಯೂಮಿನಿಯಂ ಗುಮ್ಮಟ ಸುಮಾರು 30 ಕಿಲೋಹರ್ಟ್ಸ್‌ನಲ್ಲಿ ರೂಪಗೆಟ್ಟು ನಡುಗಿದರೆ ವಜ್ರದ್ದು 70 ಕಿಲೋಹರ್ಟ್ಸ್‌ವರೆಗೆ ತಾಳುತ್ತದೆ ಎಂಬುದು ಅದರ ಹೆಗ್ಗಳಿಕೆ. ನಿಜವೇ. ಆದರೆ ಎಳೆಯ, ಆರೋಗ್ಯವಂತ ಕಿವಿಗೂ ಕೇಳುವುದು 20 ಕಿಲೋಹರ್ಟ್ಸ್‌ವರೆಗೆ. ಇಂಥ ಸ್ಪೀಕರ್ ಕೊಳ್ಳುವ ವಯಸ್ಸಿಗೆ ಅದೂ ಎಷ್ಟೋ ಕೆಳಗಿಳಿದಿರುತ್ತದೆ. ಕೇಳದ ಜಾಗದಲ್ಲಿ ಆಗಲೇ ಇದ್ದ ದೋಷವನ್ನು ಇನ್ನೂ ದೂರದ ಕೇಳದ ಜಾಗಕ್ಕೆ ಸಾಗಿಸಿದ್ದರಿಂದ ಕಿವಿಗೆ ಆದ ಲಾಭವೆಷ್ಟು? ಕಂಪನಿ ಈ ಪ್ರಶ್ನೆಯನ್ನು ಪೂರ್ವಪಕ್ಷವಾಗಿ ಎತ್ತಿಕೊಂಡು ಉತ್ತರಿಸಬೇಕಿತ್ತು. ಕೈಪಿಡಿಯಲ್ಲಿ ಇರುವುದು ವಜ್ರದ ಹೊಳಪು ಮಾತ್ರ.

ಇಟಲಿಯ ಸೋನುಸ್ ಫಾಬರ್ ಕಂಪನಿ ತನ್ನ ಸ್ಪೀಕರುಗಳಿಗೆ ಗ್ವಾರ್ನೇರಿ, ಅಮಾತಿ, ಸ್ಟ್ರಾಡಿವರಿ ಎಂದು ಪಿಟೀಲು ಮಾಡಿದ ಮಹಾಕುಶಲಿಗಳ ಹೆಸರಿಟ್ಟಿದೆ. ಪೆಟ್ಟಿಗೆಗೆ ವೀಣೆಯ ಕಾಯಿಯ ಹಾಗೆ ಬಾಗಿದ ಬೆನ್ನು. ಬಾಗಿದ ಗೋಡೆ ಸಪಾಟು ಗೋಡೆಗಿಂತ ಬಿಗಿಯಾಗಿರುತ್ತದೆ, ಅದರಿಂದ ಉಪಯೋಗವಿದೆ. ಆದರೆ ಅವರು ಮಾರುವುದು ಬಿಗಿತನವನ್ನಲ್ಲ, ರೂಪಕವನ್ನು. ಈ ರೂಪಕ ಬುಡದಲ್ಲೇ ತಪ್ಪು. ಪಿಟೀಲಿನ ಒಡಲು ನುಡಿಯಬೇಕು, ಸ್ಪೀಕರಿನ ಒಡಲು ಸುಮ್ಮನಿರಬೇಕು. ಸಿ.ವಿ. ರಾಮನ್ ಅವರು ಶಿವಕಾಳಿ ಕುಮಾರ್ ಜೊತೆ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ನಮ್ಮ ಚರ್ಮವಾದ್ಯಗಳ ಬಗ್ಗೆ ಬರೆದರು. ಬರೀ ಚರ್ಮವನ್ನು ಬಿಗಿದು ಬಡಿದರೆ ಹೊರಡುವ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ಬಲಮುಚ್ಚಿಗೆಯ ನಡುವೆ ಮೆತ್ತುವ ಕರಣೆ ಆ ಕಂಪನಗಳನ್ನು ಶ್ರುತಿಯ ಲೆಕ್ಕಕ್ಕೆ ತರುತ್ತದೆ ಎಂದು ಅವರು ತೋರಿಸಿದರು. ವಾದ್ಯ ಮಾಡುವವರ ತಪಸ್ಸೆಲ್ಲ ಕಂಪನವನ್ನು ಪಳಗಿಸಿ ನುಡಿಸುವುದರಲ್ಲಿದೆ. ಸ್ಪೀಕರಿನ ಕೋನಿನಲ್ಲಿ ಅದೇ ಜಾತಿಯ ಕಂಪನ ಎದ್ದರೆ ಅದು ರೋಗ, ಯಾಕೆಂದರೆ ಮೃದಂಗದ ಮೇಲೂ ವೀಣೆಯ ಮೇಲೂ ಹೆಂಗಸಿನ ಕಂಠದ ಮೇಲೂ ಒಂದೇ ಬಣ್ಣವನ್ನು ಅದು ಬಳಿಯುತ್ತದೆ. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನವನ್ನು ಪಿಟೀಲಿನ ಆಕಾರದಲ್ಲೇ ಕಟ್ಟಿದ್ದಾರೆ. ಭವನವೇ ಪಿಟೀಲಾಗಿ ನುಡಿಯುತ್ತದೆ ಎಂದು ನಂಬಿ ಅಲ್ಲಿಗೆ ಯಾರೂ ಕಚೇರಿ ಕೇಳಲು ಹೋಗುವುದಿಲ್ಲ. ಸ್ಪೀಕರಿನ ಅಂಗಡಿಯಲ್ಲಿ ಮಾತ್ರ ಅಂಥ ನಂಬಿಕೆಗೆ ಡಾಲರಿನಲ್ಲಿ ಬೆಲೆ ಕಟ್ಟುತ್ತಾರೆ.

ಆಕ್ಷೇಪಕ್ಕೆ ನ್ಯಾಯಾಲಯದಲ್ಲಿ ಉತ್ತರ ಹುಡುಕಿದ ಪ್ರಸಂಗವೂ ಈ ಚರಿತ್ರೆಯಲ್ಲಿದೆ. ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ ಅಮರ್ ಬೋಸ್ 1968ರಲ್ಲಿ ತಂದ 901 ಎಂಬ ಸ್ಪೀಕರಿನಲ್ಲಿ ಒಂಬತ್ತು ಕೋನುಗಳು. ಒಂದು ಕೇಳುಗನ ಕಡೆಗೆ, ಎಂಟು ಹಿಂದಿನ ಗೋಡೆಯ ಕಡೆಗೆ. ಸಭಾಂಗಣದಲ್ಲಿ ನಮ್ಮ ಕಿವಿಗೆ ಬೀಳುವುದು ಬಹುಪಾಲು ಗೋಡೆಗಳಿಂದ ಮರಳಿ ಬಂದ ದನಿಯೇ, ಮನೆಯಲ್ಲೂ ಹಾಗೇ ಕೇಳಿಸೋಣ ಎಂಬುದು ಅವರ ತರ್ಕ. ಒಳ್ಳೆಯ ಪಕ್ಷ. ಅದಕ್ಕೆ ಒಳ್ಳೆಯ ಆಕ್ಷೇಪವೂ ಇತ್ತು: ಸಭಾಂಗಣದ ಪ್ರತಿಫಲನ ಆಗಲೇ ಧ್ವನಿಮುದ್ರಣದಲ್ಲಿರುವಾಗ, ಅದರ ಮೇಲೆ ನನ್ನ ನಡುಮನೆಯದನ್ನೂ ಯಾಕೆ ಸೇರಿಸಬೇಕು? 1970ರಲ್ಲಿ 'ಕನ್ಸ್ಯೂಮರ್ ರಿಪೋರ್ಟ್ಸ್' ಪತ್ರಿಕೆ, ಈ ಸ್ಪೀಕರಿನಲ್ಲಿ ವಾದ್ಯಗಳು ಕೋಣೆಯಲ್ಲೆಲ್ಲ ಅಲೆದಾಡಿದಂತೆ ಕೇಳುತ್ತವೆ ಎಂಬರ್ಥದಲ್ಲಿ ಬರೆಯಿತು. ಕಂಪನಿ ದಾವೆ ಹೂಡಿತು. ಕೋಣೆಯಲ್ಲೆಲ್ಲ ಎನ್ನಬೇಕೋ ಗೋಡೆಯುದ್ದಕ್ಕೂ ಎನ್ನಬೇಕೋ ಎಂಬ ಪದಜಗಳ ವರ್ಷಗಟ್ಟಲೆ ನಡೆದು, 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪತ್ರಿಕೆಯ ಪರ ನಿಂತಿತು. ಒಂದು ವಿಮರ್ಶಾವಾಕ್ಯಕ್ಕೆ ಸಲ್ಲಬೇಕಾದ ಉತ್ತರ ಇನ್ನೊಂದು ಪರೀಕ್ಷೆ. ವಕೀಲರ ಶುಲ್ಕದಿಂದ ಸ್ಪೀಕರಿನ ದನಿ ಸರಿಹೋಗದು.

ಹಾಗಾದರೆ ಯಾವ ಪರೀಕ್ಷೆ? ಇಲ್ಲಿಗೆ ಬಂದಾಗ ಫಿಲಾಸಫಿಯ ಭಕ್ತರು ಒಂದು ಮಾತು ಹೇಳುತ್ತಾರೆ: ಯಂತ್ರಗಳ ನಕ್ಷೆ ನೋಡಬೇಡಿ, ಕಿವಿಯನ್ನು ನಂಬಿ. ಈ ಮಾತನ್ನು ಅಕ್ಷರಶಃ ಪಾಲಿಸಿದವರು ಫ್ಲಾಯ್ಡ್ ಟೂಲ್. ಕೆನಡಾದ ಆಟವಾದಲ್ಲಿರುವ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ 1965ರಿಂದ ಕಾಲು ಶತಮಾನ ದುಡಿದು, ಆಮೇಲೆ ಹಾರ್ಮನ್ ಕಂಪನಿಗೆ ಹೋದವರು. ಅವರು ಮಾಡಿದ್ದು ಇಷ್ಟೇ: ಸ್ಪೀಕರುಗಳ ಮುಂದೆ ದನಿ ಮಾತ್ರ ಹಾದುಬರುವ ಕಪ್ಪು ತೆರೆ ಇಳಿಬಿಟ್ಟರು, ಎಲ್ಲವನ್ನೂ ಒಂದೇ ಮಟ್ಟದ ಜೋರಿನಲ್ಲಿ ನುಡಿಸಿದರು, ಕೇಳುಗರಿಂದ ಅಂಕ ಕೇಳಿದರು. ಬೆಲೆ ಕಾಣುವುದಿಲ್ಲ, ಹೆಸರು ಕಾಣುವುದಿಲ್ಲ, ಮರದ ಹೊಳಪು ಕಾಣುವುದಿಲ್ಲ. ಕಿವಿಯೊಂದೇ ಉಳಿಯುತ್ತದೆ.

ಫಲಿತಾಂಶಗಳು 'ಅವರವರ ರುಚಿ' ಎಂಬ ಮಾತಿನ ಬೆನ್ನುಮೂಳೆ ಮುರಿದವು. ತೆರೆಯ ಹಿಂದೆ ಜನರ ಮೆಚ್ಚುಗೆ ಚೆಲ್ಲಾಪಿಲ್ಲಿಯಾಗದೆ ಬಹುಮಟ್ಟಿಗೆ ಒಂದೇ ಕಡೆ ಸೇರಿತು: ನೇರ ಎದುರಿನ ದನಿ ಯಾವ ಸ್ಥಾಯಿಯಲ್ಲೂ ಉಬ್ಬದೆ ತಗ್ಗದೆ ಸಮನಾಗಿರಬೇಕು, ಪಕ್ಕಗಳಿಗೆ ಹೋಗಿ ಗೋಡೆಗೆ ಬಡಿದು ಬರುವ ದನಿಯೂ ಅದನ್ನೇ ಹೋಲಬೇಕು. 1994ರಲ್ಲಿ ಟೂಲ್ ಮತ್ತು ಶಾನ್ ಆಲಿವ್ ನಾಲ್ಕು ಸ್ಪೀಕರುಗಳನ್ನು 40 ಜನರಿಗೆ ತೆರೆ ಇಟ್ಟೂ ತೆರೆ ಸರಿಸಿಯೂ ಕೇಳಿಸಿದರು. ಕೇಳಿದವರು ಹಾರ್ಮನ್ನಿನ ನೌಕರರೇ. ಕಣ್ಣಿಗೆ ಕಂಡ ಕೂಡಲೇ ದೊಡ್ಡ, ದುಬಾರಿ ಪೆಟ್ಟಿಗೆಗಳ ಅಂಕ ಏರಿತು. ಸಣ್ಣ, ಅಗ್ಗದ ಸ್ಪೀಕರಿನ ಅಂಕ ಬಿದ್ದುಹೋಯಿತು. ಅದಕ್ಕಿಂತ ಕೆಟ್ಟ ಸುದ್ದಿ ಇನ್ನೊಂದಿತ್ತು. ತೆರೆ ಇದ್ದಾಗ ಸ್ಪೀಕರನ್ನು ಕೋಣೆಯಲ್ಲಿ ಜಾಗ ಬದಲಿಸಿದರೆ ಗುರುತಿಸುತ್ತಿದ್ದ ಅದೇ ಜನ, ತೆರೆ ಸರಿದ ಮೇಲೆ ಆ ಬದಲಾವಣೆಗೆ ಹೆಚ್ಚುಕಡಿಮೆ ಕಿವುಡಾದರು. ಅಂದರೆ ಕಣ್ಣು ಕಿವಿಗೆ ನೆರವಾಗಲಿಲ್ಲ, ಕಿವಿಯ ಬಾಯಿ ಮುಚ್ಚಿಸಿತು.

2003ರಲ್ಲಿ ಆಲಿವ್ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ 268 ಕೇಳುಗರು. ತರಬೇತಾದವರು, ಅಂಗಡಿಯವರು, ಪತ್ರಿಕಾ ವಿಮರ್ಶಕರು, ಕಾಲೇಜು ವಿದ್ಯಾರ್ಥಿಗಳು ಎಲ್ಲರೂ ಇದ್ದರು. ತರಬೇತಾದವರ ತೀರ್ಪು ಮಿಕ್ಕವರದಕ್ಕಿಂತ ಎಷ್ಟೋ ಪಟ್ಟು ಸ್ಥಿರವಾಗಿತ್ತು. ಆದರೆ ಯಾವ ಸ್ಪೀಕರು ಮೊದಲು, ಯಾವುದು ಕೊನೆ ಎಂಬ ಸಾಲು ಎಲ್ಲ ಗುಂಪುಗಳಲ್ಲೂ ಬಹುಮಟ್ಟಿಗೆ ಒಂದೇ. ಮರುವರ್ಷ 70 ಸ್ಪೀಕರುಗಳ ಅಳತೆಗಳನ್ನಷ್ಟೇ ಇಟ್ಟುಕೊಂಡು, ತೆರೆಯ ಮುಂದೆ ಕುಳಿತವರು ಎಷ್ಟು ಅಂಕ ಕೊಡುತ್ತಾರೆಂದು ಮೊದಲೇ ಅಂದಾಜಿಸುವ ಸೂತ್ರವನ್ನೂ ಅವರು ಕೊಟ್ಟರು. ಅಂದಾಜಿಗೂ ನಿಜವಾದ ಅಂಕಕ್ಕೂ ಇದ್ದ ಸಹಸಂಬಂಧ 0.86. ಪ್ರತಿಧ್ವನಿಯಿಲ್ಲದ ಕೋಣೆಯಲ್ಲಿ ಸ್ಪೀಕರಿನ ಸುತ್ತ 70 ಕೋನಗಳಿಂದ ಅಳೆಯುವ ಆ ಕ್ರಮ ಈಗ ಅಮೆರಿಕದ ಒಂದು ಸಾರ್ವಜನಿಕ ಮಾನಕ.

ನನ್ನ ವಾದಕ್ಕೂ ಪೂರ್ವಪಕ್ಷಗಳಿವೆ, ಅವನ್ನು ಅಡಗಿಸಿದರೆ ನಾನೂ ಅದೇ ಅಂಗಡಿಯವನಾಗುತ್ತೇನೆ. ಮೊದಲನೆಯದು, ಹಾರ್ಮನ್ನೂ ಸ್ಪೀಕರ್ ಮಾರುವ ಕಂಪನಿಯೇ. ಹೌದು. ಆದರೆ ಅದು ತನ್ನ ವಿಧಾನವನ್ನು ಅಚ್ಚು ಹಾಕಿದೆ; ಅದೇ ತೆರೆ ಇಳಿಬಿಟ್ಟು ಅದೇ ಸ್ಪೀಕರುಗಳನ್ನು ಸೋಲಿಸುವ ದಾರಿ ಯಾರಿಗೂ ತೆರೆದಿದೆ. ಎರಡನೆಯದು, ಈ ಪರೀಕ್ಷೆಗಳಲ್ಲಿ ಹೆಚ್ಚಿನವು ಒಂದೇ ಸ್ಪೀಕರನ್ನು ಸ್ವಲ್ಪ ಹೊತ್ತು ಕೇಳಿಸುವಂಥವು. ಎರಡು ಸ್ಪೀಕರುಗಳ ನಡುವೆ ಹರಡುವ ಸ್ಟೀರಿಯೊ ಚಿತ್ರದ ಬಗ್ಗೆ, ದನಿ ಅಗಲವಾಗಿ ಹರಡಬೇಕೋ ಕಿರಿದಾಗಿ ಹರಡಬೇಕೋ ಎಂಬುದರ ಬಗ್ಗೆ ಅವು ಕೊನೆಯ ಮಾತು ಹೇಳುವುದಿಲ್ಲ. ಇದು ಗಟ್ಟಿಯಾದ ಆಕ್ಷೇಪ, ಒಪ್ಪುತ್ತೇನೆ. ವಾಕರ್ ಮತ್ತು ಕ್ಲಿಪ್ಷ್ ಪರಂಪರೆಗಳಿಗೆ ಇನ್ನೂ ಬದುಕಿರುವುದು ಇಲ್ಲಿಯೇ. ಆದರೆ ಈ ಆಕ್ಷೇಪ ಕೇಳುವುದು ಇನ್ನೂ ಒಳ್ಳೆಯ ತೆರೆಯನ್ನು. ತೆರೆಯೇ ಬೇಡ ಎನ್ನುವವರಿಗೆ ಇದರಿಂದ ಲಾಭವಿಲ್ಲ.

ಮೂರನೆಯದು ಎಲ್ಲಕ್ಕಿಂತ ಆಳವಾದದ್ದು: ಮೂಲಕ್ಕೆ ನಿಷ್ಠೆ ಎನ್ನುತ್ತೀರಿ, ಮೂಲ ಯಾವುದು? ಎಡಿಸನ್ ಕಂಪನಿ 1915ರಿಂದ ಅಮೆರಿಕದ ಊರೂರುಗಳಲ್ಲಿ ಗಾಯಕರನ್ನೂ ತನ್ನ ಫೋನೋಗ್ರಾಫನ್ನೂ ಒಂದೇ ವೇದಿಕೆಯಲ್ಲಿ ನಿಲ್ಲಿಸಿ, ಯಾವುದು ಯಾವುದೆಂದು ಗುರುತಿಸಿ ನೋಡೋಣ ಎಂದು ಜನರಿಗೆ ಸವಾಲು ಹಾಕುತ್ತಿತ್ತು. ಅವರಲ್ಲಿ ಒಬ್ಬರಾದ ಆನಾ ಕೇಸ್, ಯಂತ್ರಕ್ಕೆ ಹೊಂದುವ ಹಾಗೆ ತಮ್ಮ ದನಿಯನ್ನೇ ಮಾಡಿಕೊಂಡು ಹಾಡುತ್ತಿದ್ದುದಾಗಿ ಇಳಿವಯಸ್ಸಿನಲ್ಲಿ ಹೇಳಿಕೊಂಡರು. ನಮ್ಮ ಕಚೇರಿಯಲ್ಲಂತೂ ಈ ತೊಡಕು ಇನ್ನೂ ಹೆಚ್ಚು. ಮೈಸೂರಿನ ಚೌಡಯ್ಯನವರು ಮೈಕು ಬಾರದ ಕಾಲದಲ್ಲಿ ಕೊನೆಯ ಸಾಲಿಗೂ ಕೇಳಿಸಲೆಂದು ಪಿಟೀಲಿಗೆ ಮೂರು ತಂತಿ ಸೇರಿಸಿ ಏಳು ಮಾಡಿದರು. ಇಂದು ಮೈಕಿಲ್ಲದ ಕಚೇರಿ ಅಪರೂಪ. ನಾವು 'ಮೂಲ' ಎಂದು ನೆನೆಯುವ ವೀಣೆಯ ನಾದ ಸಭೆಯ ಸ್ಪೀಕರಿನಿಂದ ಬಂದದ್ದು. ಮುದ್ರಣದ ಎಂಜಿನಿಯರ್ ಅದನ್ನು ಇನ್ನೊಂದು ಸ್ಪೀಕರಿನಲ್ಲಿ ಕೇಳಿ ತಿದ್ದಿದ. ಆ ಮುದ್ರಿಕೆಯಿಂದ ನಾವು ಮೂರನೆಯ ಸ್ಪೀಕರನ್ನು ಪರೀಕ್ಷಿಸುತ್ತೇವೆ. ಈ ಸುತ್ತನ್ನೇ ಟೂಲ್ 'ಗೊಂದಲದ ವರ್ತುಲ' ಎಂದು ಕರೆದರು. ಆದರೆ ಇದರಿಂದ ಹೊರಡುವ ನಿರ್ಣಯ 'ಆದ್ದರಿಂದ ಏನು ಮಾಡಿದರೂ ಸರಿ' ಎಂಬುದಲ್ಲ. ಅಳತೆಯ ಸೇರುಗಳೆಲ್ಲ ಬೇರೆ ಬೇರೆ ಇದ್ದ ಸಂತೆಯಲ್ಲಿ ಮೊದಲು ಆಗಬೇಕಾದ್ದು ಸೇರನ್ನು ಒಂದು ಮಾಡುವ ಕೆಲಸ. ಪ್ರತಿ ಸ್ಪೀಕರೂ ತನ್ನದೊಂದು ಬಣ್ಣ ಬಳಿದರೆ ವರ್ತುಲ ಇನ್ನೂ ಗಟ್ಟಿಯಾಗುತ್ತದೆ. ಎಲ್ಲವೂ ತಟಸ್ಥವಾದಷ್ಟು ಸಡಿಲವಾಗುತ್ತದೆ.

ಪರೀಕ್ಷೆಗೆ ಒಡ್ಡಿಕೊಂಡೂ ತನ್ನತನ ಉಳಿಸಿಕೊಂಡವರು ಇದ್ದಾರೆ. ಕೋನ್ ದೊಡ್ಡದಾದಷ್ಟೂ ಮೇಲಿನ ಸ್ಥಾಯಿಗಳಲ್ಲಿ ಅದರ ದನಿ ಕಿರಿದಾದ ಕಿರಣವಾಗುತ್ತದೆ. ಅಲ್ಲಿಂದ ಮುಂದೆ ಪುಟ್ಟ ಟ್ವೀಟರ್ ಕೆಲಸ ವಹಿಸಿಕೊಂಡ ಕೂಡಲೇ ದನಿ ಮತ್ತೆ ಅಗಲವಾಗುತ್ತದೆ, ಗೋಡೆಯಿಂದ ಮರಳುವ ದನಿಯಲ್ಲಿ ಗಂಟು ಬೀಳುತ್ತದೆ. ಇಂಗ್ಲೆಂಡಿನ ಕೆಇಎಫ್ 1988ರಲ್ಲಿ ಟ್ವೀಟರನ್ನು ಮಧ್ಯಮಸ್ಥಾಯಿಯ ಕೋನಿನ ನಟ್ಟನಡುವೆಯೇ ಕೂರಿಸಿ, ಕೋನನ್ನೇ ಅದರ ಕಹಳೆಯಾಗಿಸಿ ಇದಕ್ಕೆ ಉತ್ತರ ಕೊಟ್ಟಿತು. ಅಲುಗುವ ಕೋನೇ ಕಹಳೆಯಾದಾಗ ಬರುವ ಹೊಸ ತೊಂದರೆಗಳನ್ನೂ ಹೇಳಿಕೊಂಡು ತಿದ್ದುತ್ತ ಬಂದಿದೆ. ಕ್ರಾಸ್‌ಓವರಿನ ವಿನ್ಯಾಸಕ್ಕೆ ಹೆಸರಾದ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಪೆಟ್ಟಿಗೆಯೇ ಇಲ್ಲದ ಸ್ಪೀಕರುಗಳನ್ನು ಮಾಡಿ, ಯಾರು ಬೇಕಾದರೂ ಕಟ್ಟಿಕೊಳ್ಳುವಂತೆ ತಮ್ಮ ವಿನ್ಯಾಸಗಳನ್ನು ಹಂಚಿದರು, ಪ್ರತಿ ಸಲ ಹಿಂದಿನದರ ಕೊರತೆಯನ್ನು ತಾವೇ ಬರೆದರು. ಇಂಥವರನ್ನು ಹೋಲಿಸಿ ಜಗಳವಾಡುವುದರಲ್ಲಿ ಸುಖವಿದೆ.

ಉಳಿದ ಫಿಲಾಸಫಿಗಳ ಗತಿ ಏನಾಗುತ್ತದೆ ಎಂಬುದನ್ನು ಮಾರುಕಟ್ಟೆ ಈಗಾಗಲೇ ತೋರಿಸಿದೆ. 2017ರಲ್ಲಿ ಸ್ಯಾಮ್‌ಸಂಗ್ ಹಾರ್ಮನ್ನನ್ನು ಕೊಂಡಿತು. 2025ರಲ್ಲಿ ಹಾರ್ಮನ್ ಬವರ್ಸ್ ಅಂಡ್ ವಿಲ್ಕಿನ್ಸನ್ನು ಕೊಂಡಿತು. ತೆರೆಯ ಪರೀಕ್ಷೆಯ ಮನೆತನ, ವಜ್ರದ ಮನೆತನ ಎರಡಕ್ಕೂ ಈಗ ಒಬ್ಬನೇ ಯಜಮಾನ. ಒಂದೇ ಸೂರಿನ ಕೆಳಗೆ ಸೇರಿದ ಮೇಲೂ ಎರಡು 'ದರ್ಶನ'ಗಳು ಒಂದನ್ನೊಂದು ಪ್ರಶ್ನಿಸದೆ ಅಕ್ಕಪಕ್ಕದ ಕಪಾಟಿನಲ್ಲಿ ಕುಳಿತಿರಬಲ್ಲವು ಎಂದಾದರೆ, ಅವುಗಳಲ್ಲಿ ಕನಿಷ್ಠ ಒಂದಕ್ಕೆ ಲೇಬಲ್ ಎಂಬ ಹೆಸರೇ ಸರಿ.

ಶ್ರೀಮಂತರು ತಮ್ಮ ದುಡ್ಡಿನಲ್ಲಿ ಏನು ಬೇಕಾದರೂ ಕೊಳ್ಳಲಿ, ನಿನಗೇಕೆ ಈ ಕಳವಳ ಎಂದು ಕೇಳಬಹುದು. ಮ್ಯಾಜಿಕೊ ಕಂಪನಿಯ ಎಂ9 ಸ್ಪೀಕರಿನ ಜೋಡಿಯ ಬೆಲೆ, ಅದು ಮಾರುಕಟ್ಟೆಗೆ ಬಂದಾಗ, 7,50,000 ಡಾಲರ್ ಇತ್ತು. ಅದನ್ನು ಕೊಳ್ಳುವವರ ಬಗ್ಗೆ ನನಗೆ ಹೊಟ್ಟೆಕಿಚ್ಚೂ ಇಲ್ಲ, ಕನಿಕರವೂ ಇಲ್ಲ. ಕಳವಳ ಇರುವುದು ಆ ಬೆಲೆಯ ಜೊತೆಗೆ ಹರಡುವ ಒಂದು ನಂಬಿಕೆಯ ಬಗ್ಗೆ: ಒಳ್ಳೆಯ ದನಿಯನ್ನು ಗುರುತಿಸುವುದಕ್ಕೆ ವಿಶೇಷ ಸಂಸ್ಕಾರ ಬೇಕು, ಅದು ಕೆಲವರಿಗಷ್ಟೇ ಒಲಿದಿದೆ, ಮಿಕ್ಕವರು ಕೆಲವರ ಮಾತು ಕೇಳಿ ನಂಬಬೇಕು. ರುಚಿಯ ಹೆಸರಿನಲ್ಲಿ ಪಂಕ್ತಿಭೇದ ಮಾಡುವ ಈ ಚಾಳಿ ಕಾವ್ಯದಲ್ಲೂ ಸಂಗೀತದಲ್ಲೂ ನಮಗೆ ಹೊಸದಲ್ಲ. 'ಬೆಚ್ಚನೆಯ ಮಧ್ಯಮ', 'ಗಾಳಿಯಾಡುವ ತಾರ', 'ಕಪ್ಪಾದ ಮೌನ' ಎಂದು ಬರೆಯುವ ವಿಮರ್ಶಕನ ಭಾಷೆ, ಓದುಗನನ್ನು ಕೇಳಲು ಕರೆಯುವುದಕ್ಕಿಂತ ಹೆಚ್ಚಾಗಿ ಅವನು ಹೊರಗಿನವನು ಎಂದು ನೆನಪಿಸುವುದಕ್ಕೆ ಇರುವಂಥದು.

ಕಪ್ಪು ತೆರೆ ಹೇಳಿದ್ದು ಬೇರೆ ಮಾತು. ತರಬೇತಾದ ಕಿವಿ ಹೆಚ್ಚು ಚುರುಕು, ಹೆಚ್ಚು ಸ್ಥಿರ, ಅದಕ್ಕೆ ಗೌರವ ಸಲ್ಲಬೇಕು. ಆದರೆ ಬೆಲೆಯ ಚೀಟಿ ಮರೆಯಾದಾಗ ವಿದ್ಯಾರ್ಥಿಯೂ ಪರಿಣತನೂ ಹೆಚ್ಚುಕಡಿಮೆ ಒಂದೇ ಸ್ಪೀಕರಿನ ಕಡೆಗೆ ಕೈ ತೋರಿಸಿದರು. ಒಳ್ಳೆಯದನ್ನು ತಿಳಿಯುವ ಶಕ್ತಿ ಸಾಮಾನ್ಯ ಕಿವಿಯಲ್ಲೇ ಇದೆ. ಅದನ್ನು ಕಣ್ಣಿನಿಂದ, ಹೆಸರಿನಿಂದ, ಕಥೆಯಿಂದ ಸ್ವಲ್ಪ ಹೊತ್ತು ಬಿಡಿಸಿದರೆ ಸಾಕು. ಒಳ್ಳೆಯದೇನು ಎಂಬುದು ಅಳೆಯಲು ಬರುವಂಥದಾದರೆ ಅದನ್ನು ಅಗ್ಗವಾಗಿ ಮಾಡಲೂ ಬರುತ್ತದೆ, ನಾಳೆ ಒಂದು ಸಣ್ಣ ಮನೆಯ ಕಪಾಟಿನ ಮೇಲೂ ಇಡಲು ಬರುತ್ತದೆ. ಫಿಲಾಸಫಿ ಮಾರುವವರಿಗೆ ತೆರೆಯ ಮೇಲೆ ಇರುವ ಸಿಟ್ಟಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಆದ್ದರಿಂದ ಮುಂದೆ ಯಾರಾದರೂ ತಮ್ಮ ಸ್ಪೀಕರಿನ ದರ್ಶನವನ್ನು ವಿವರಿಸಲು ಬಂದರೆ ಎರಡೇ ಪ್ರಶ್ನೆ ಕೇಳಿ. ಏನನ್ನು ಬಿಟ್ಟುಕೊಟ್ಟಿರಿ? ತೆರೆಯ ಹಿಂದೆ ನಿಲ್ಲುತ್ತೀರಾ? ಮೊದಲನೆಯದಕ್ಕೆ 'ಏನನ್ನೂ ಇಲ್ಲ' ಎಂದೂ ಎರಡನೆಯದಕ್ಕೆ 'ಸಂಗೀತವನ್ನು ಹಾಗೆಲ್ಲ ಅಳೆಯಲಾಗದು' ಎಂದೂ ಉತ್ತರ ಬಂದರೆ, ಕ್ಲಿಪ್ಷ್ ಅವರ ಹಳದಿ ಬಿಲ್ಲೆಯನ್ನು ನೆನೆದುಕೊಂಡು ಅಂಗಡಿಯಿಂದ ಹೊರಗೆ ಬನ್ನಿ.